ಕೆಳಗಿನ ಖಾನೆಯ ಆರು ಅಂಗಿ

ಬೀರುವಿನ ಬಾಗಿಲು ಕಿತ್ತು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಸೊಸೆ ಸ್ವೆಟರ್ ತೆಗೆಯಲೆಂದು ಬಾಗಿಲು ಎಳೆದಳು. ಒಳಗೆ ಒತ್ತಿ ತುಂಬಿದ್ದ ಬಟ್ಟೆಯೆಲ್ಲ ಮುಂದಕ್ಕೆ ಜರುಗಿತು, ಕೀಲಿನ ಮೊಳೆಗಳು ಪಟಪಟನೆ ಕಳಚಿದವು, ಬಾಗಿಲು ಅವಳ ಕೈಯಲ್ಲೇ ಉಳಿಯಿತು. ಅರ್ಧ ಬೀರು ಅವಳ ಪಾದದ ಮೇಲೆ ಸುರಿಯಿತು.

ಗಂಡ ಹಲ್ಲುಜ್ಜುತ್ತಲೇ ಬಂದು ಇಣುಕಿದ. ಅವನದು ಲಿಫ್ಟು ರಿಪೇರಿಯ ಕೆಲಸ. ಮನೆಯ ವಿಷಯವನ್ನೂ ಅವನು ಲಿಫ್ಟಿನ ಲೆಕ್ಕದಲ್ಲೇ ನೋಡುವವನು.

"ಆರು ಜನ ಹತ್ತೋ ಕಡೆ ಹದಿನೈದು ಜನ ಹತ್ತಿದ್ದಾರೆ. ಬಾಗಿಲು ನಾನು ಕೂರಿಸಿ ಕೊಡ್ತೀನಿ. ಆದ್ರೆ ಮೊದಲು ಅರ್ಧ ಜನಾನ ಕೆಳಗಿಳಿಸಿ," ಎಂದು ಹೇಳಿ, ಬಾಯಿ ಮುಕ್ಕಳಿಸಿ, ಉದ್ದನೆಯ ಮೊಳೆ ತರಲು ಪೇಟೆಗೆ ಹೊರಟುಹೋದ.

ಎರಡು ಕೋಣೆಯ ಆ ಮನೆಗೆ ಇದ್ದದ್ದು ಅದೊಂದೇ ಬೀರು. ಮೇಲಿನ ಮೂರು ಖಾನೆ ಸೊಸೆಯದು. ನಡುವಿನದು ಗಂಡನದು, ಅವನ ಬಟ್ಟೆ ಬಹುಪಾಲು ಬಾಗಿಲ ಹಿಂದಿನ ಗೂಟದಲ್ಲೇ ಇರುತ್ತಿತ್ತು. ಎಲ್ಲಕ್ಕಿಂತ ಕೆಳಗಿನ ಖಾನೆ ಅತ್ತೆಯದು. ಸೊಸೆ ಚಾಪೆ ಹಾಸಿ ಬಟ್ಟೆಯನ್ನೆಲ್ಲ ಅದರ ಮೇಲೆ ಸುರಿದಳು. ಅತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಆಟ ನೋಡುವವರ ಹಾಗೆ ನೋಡುತ್ತಿದ್ದರು.

"ಮೂರು ಗುಡ್ಡೆ ಮಾಡ್ತೀನಿ ಅತ್ತೆ. ಇಟ್ಕೊಳ್ಳೋದು ಒಂದು, ಯಾರಿಗಾದ್ರೂ ಕೊಡೋದು ಒಂದು, ಮಸಿಬಟ್ಟೆ ಆಗೋದು ಒಂದು."

"ನನ್ನನ್ನ ಯಾವ ಗುಡ್ಡೆಗೆ ಹಾಕ್ತೀಯ, ಅದನ್ನ ಮೊದಲು ಹೇಳಿಬಿಡು," ಎಂದರು ಅತ್ತೆ.

ಸೊಸೆ ನಕ್ಕು ಕೆಲಸಕ್ಕೆ ಕೂತಳು. ಬಟ್ಟೆ ವಿಂಗಡಿಸುವುದು ಅವಳಿಗೆ ಹೊಸದಲ್ಲ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತು ವರ್ಷದಿಂದ ಅದೇ ಅವಳ ಕೆಲಸ. ಆದರೆ ಊರವರ ಬಟ್ಟೆ ಬೇರೆ, ತನ್ನದು ಬೇರೆ. ಬಣ್ಣ ಹೋದ ಲಂಗ, ಮೊಣಕೈ ಸವೆದ ಸ್ವೆಟರ್, ಜೋಡಿ ತಪ್ಪಿದ ಕಾಲುಚೀಲ, ಇವೆಲ್ಲ ಸಲೀಸಾಗಿ ಹೋದವು. ಮೊದಲ ಕೆಲಸದ ಸಂದರ್ಶನಕ್ಕೆ ಹಾಕಿಕೊಂಡು ಹೋಗಿದ್ದ ಕಂದು ಕೋಟು ಕೈಗೆ ಬಂದಾಗ ಮಾತ್ರ ಅವಳು ತಡೆದಳು. ಹಾಕಿ ನೋಡಿದಳು. ಮುಂದಿನ ಎರಡು ಅಂಚು ಒಂದನ್ನೊಂದು ಮುಟ್ಟಲು ಗೇಣುದ್ದ ಬೇಕಿತ್ತು.

"ಇರಲಿ. ಮೈ ಇಳಿದ ಮೇಲೆ ಹಾಕ್ಕೋತೀನಿ."

"ನೀನು ಇಳಿಯೋದು ಬಸ್ಸಿಂದ ಮಾತ್ರ ಕಣೇ," ಎಂದರು ಅತ್ತೆ.

ಕೋಟು ಕೊಡುವ ಗುಡ್ಡೆಗೆ ಹೋಯಿತು.

ಅತ್ತೆಯ ಬಾಯಿ ಅಂಥದು. ಇಪ್ಪತ್ತೆಂಟು ವರ್ಷ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ದುಡಿದವರು ಅವರು. ಅಂಗಿಗೆ ಗುಂಡಿ ಹಚ್ಚುವುದು, ಗುಂಡಿ ತೂರುವ ಕಾಜ ಹೊಲಿಯುವುದು, ಅಷ್ಟೇ ಕೆಲಸ. ಅದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಬಸ್ಸಿನಲ್ಲಿ ಎದುರಿಗೆ ಕೂತವರ ಮುಖ ನೋಡುವ ಮೊದಲು ಅವರ ಗುಂಡಿ ನೋಡುವ ಅಭ್ಯಾಸ ಅವರಿಗೆ. "ಗುಂಡಿ ಗಟ್ಟಿ ಇದ್ರೆ ಮನುಷ್ಯನ ಗುಂಡಿಗೆನೂ ಗಟ್ಟಿ ಇರುತ್ತೆ," ಎನ್ನುತ್ತಿದ್ದರು. ಮಗನ ಮದುವೆಯ ವರ್ಷ, ಇನ್ನೂ ಎರಡು ವರ್ಷ ಕೆಲಸ ಬಾಕಿ ಇರುವಾಗಲೇ, ಸಾಕಾಯಿತು ಎಂದು ಬಿಟ್ಟು ಮನೆಗೆ ಬಂದಿದ್ದರು.

ಮದುವೆಯಾದ ಹೊಸದರಲ್ಲಿ ಸೊಸೆ ಅತ್ತೆಗೆಂದು ಒಂದು ಗುಲಾಬಿ ಬಣ್ಣದ ಅಂಗಿ ತಂದುಕೊಟ್ಟಿದ್ದಳು. ಅತ್ತೆ ಬಟ್ಟೆ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಹೆಬ್ಬೆರಳಿನಿಂದ ಗುಂಡಿಗಳನ್ನು ಒಂದೊಂದಾಗಿ ಸವರಿ, "ಚಿಪ್ಪಿನ ಗುಂಡಿ. ಚೆನ್ನಾಗಿದೆ," ಎಂದಿದ್ದರು. ಮೊದಲ ವರ್ಷದಲ್ಲಿ ಅವರ ಬಾಯಿಂದ ಬಂದ ಒಂದೇ ಒಂದು ಹೊಗಳಿಕೆ ಅದು. ಸೊಸೆ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡಳು. ಅಂದಿನಿಂದ ಪ್ರತಿ ವರ್ಷ ಒಂದು ಅಂಗಿ ತರುವಾಗಲೂ ಅಂಗಡಿಯವನ ತಲೆ ತಿಂದು ಗುಂಡಿ ನೋಡಿಯೇ ತರುತ್ತಿದ್ದಳು. ಮರದ ಗುಂಡಿಯ ಕಡುನೀಲಿ, ಬಟ್ಟೆ ಸುತ್ತಿದ ಗುಂಡಿಯ ಹಳದಿ, ಕಳೆದ ವರ್ಷದ್ದಂತೂ ಕುತ್ತಿಗೆಯಿಂದ ಸೊಂಟದವರೆಗೆ ಒಂಬತ್ತು ಪುಟ್ಟ ಪುಟ್ಟ ಗುಂಡಿಗಳ ಪಾಚಿ ಹಸಿರು ಉಣ್ಣೆ ಅಂಗಿ. ಅತ್ತೆ ಪ್ರತಿ ಸಲವೂ ತೆಗೆದುಕೊಂಡು, ಗುಂಡಿ ಸವರಿ, ಒಳಗಿಡುತ್ತಿದ್ದರು. ಮರುದಿನ ಮತ್ತೆ ಅವೇ ಮೂರು ಹಳೆಯ ನಿಲುವಂಗಿಗಳು. ತಲೆಯ ಮೇಲಿಂದ ಇಳಿಬಿಟ್ಟುಕೊಳ್ಳುವ, ಚೀಲದಂಥ, ಒಗೆದೊಗೆದು ಬಣ್ಣ ಯಾವುದೆಂದೇ ಗೊತ್ತಾಗದ ನಿಲುವಂಗಿಗಳು.

ಮಧ್ಯಾಹ್ನದ ಹೊತ್ತಿಗೆ ಸೊಸೆ ಕೆಳಗಿನ ಖಾನೆಗೆ ಬಂದಳು.

"ಅಲ್ಲೇನಿಲ್ಲ. ಬಿಡು," ಎಂದರು ಅತ್ತೆ. ಅವರ ದನಿ ಬದಲಾಗಿತ್ತು.

"ಒರೆಸಿ ಇಡ್ತೀನಿ ಅತ್ತೆ, ಧೂಳು ಕೂತಿದೆ."

ನಿಲುವಂಗಿಗಳ ಹಿಂದೆ, ಗೋಡೆಗೆ ಒತ್ತಿ, ಆರೂ ಅಂಗಿಗಳು ಇದ್ದವು. ಒಂದರ ಮೇಲೊಂದು, ಅಂಗಡಿಯ ಕಾಗದದಲ್ಲೇ, ವರ್ಷದ ಕ್ರಮದಲ್ಲಿ. ಮೇಲ್ನೋಟಕ್ಕೆ ಹಾಕಿದ ಗುರುತು ಒಂದಕ್ಕೂ ಇರಲಿಲ್ಲ.

ಸೊಸೆ ಅವುಗಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಒಂದನ್ನೂ ಹಾಕಿಲ್ವಲ್ಲ ಅತ್ತೆ."

"ಮನಸ್ಸಾಗಲಿಲ್ಲ."

"ಹಿಡಿಸದಿದ್ರೆ ಹೇಳಬಹುದಿತ್ತು. ಬೇರೆ ತರ್ತಿದ್ದೆ."

"ನಾನೇನು ನಿನ್ನ ಕೇಳಿದ್ನಾ ತಾ ಅಂತ?" ಅತ್ತೆ ಕಿಟಕಿಯ ಕಡೆ ತಿರುಗಿದರು. "ಯಾರಿಗಾದ್ರೂ ಕೊಟ್ಬಿಡು. ನಿನಗೂ ಬೀರು ಖಾಲಿ ಆದ ಹಾಗಾಗುತ್ತೆ."

ಸೊಸೆ ಆರು ಅಂಗಿಗಳನ್ನೂ ಕೊಡುವ ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ಗಂಡ ಮೊಳೆ ತಂದು ಬಾಗಿಲು ಕೂರಿಸುತ್ತಾ, "ಏನು, ಇಬ್ಬರೂ ಗುಮ್ಮನ ಹಾಗೆ ಕೂತಿದೀರಿ?" ಎಂದು ಕೇಳಿದ. "ಏನಿಲ್ಲ," ಎಂದರು ಇಬ್ಬರೂ ಒಟ್ಟಿಗೆ.

ಮಾರನೆಯ ದಿನ ಸೊಸೆ ಚೀಲವನ್ನು ಕೆಲಸಕ್ಕೆ ಹೊತ್ತುಕೊಂಡು ಹೋದಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ದೊಡ್ಡ ಒಗೆಯುವ ಯಂತ್ರಗಳ ಆಚೆ, ಒಂದು ಪುಟ್ಟ ಹೊಲಿಗೆ ಕೋಣೆ ಇತ್ತು. ಹರಿದ ಹೊದಿಕೆಗೆ ತೇಪೆ ಹಾಕುವುದು, ರೋಗಿಗಳ ಗೌನಿಗೆ ದಾರ ಹೊಲಿಯುವುದು ಅಲ್ಲಿಯ ಕೆಲಸ. ಅದನ್ನು ನೋಡಿಕೊಳ್ಳುವ ವಯಸ್ಸಾದ ದರ್ಜಿಯನ್ನು ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ಅಪಘಾತವಾಗಿ ಬಂದವರ ಬಟ್ಟೆಯನ್ನು ಮೇಲಿನ ವಾರ್ಡಿನಲ್ಲಿ ಕತ್ತರಿಯಿಂದ ಕತ್ತರಿಸಿಯೇ ತೆಗೆಯುತ್ತಾರೆ. ಅಂಥವರಿಗೆ ಗುಣವಾಗಿ ಮನೆಗೆ ಹೋಗುವಾಗ ಮೈಮೇಲೆ ಹಾಕಲು ಏನೂ ಇರುವುದಿಲ್ಲ. ಅವರಿಗೆಂದು ಮಾಸ್ತರು ಒಂದು ಗೂಟದ ಸಾಲಿನಲ್ಲಿ ಬಟ್ಟೆ ಕೂಡಿಡುತ್ತಿದ್ದರು.

"ಒಳ್ಳೇ ಬಟ್ಟೆ," ಎಂದರು ಮಾಸ್ತರು ಚೀಲ ಬಿಚ್ಚಿ. "ಆದ್ರೂ ಒಂದ್ಸಲ ನೋಡಿಬಿಡಮ್ಮ. ಜೇಬು, ಹೊಲಿಗೆ, ಗುಂಡಿ. ನೋಡದೆ ನಾನು ಯಾರಿಗೂ ಕೊಡಲ್ಲ."

ಸೊಸೆ ಮೇಜಿನ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ಗುಲಾಬಿ ಅಂಗಿ ಹರಡಿದಳು. ಬಟ್ಟೆ ಓದುವ ಕಣ್ಣು ಅವಳದು. ಹೊದಿಕೆಯ ಕಲೆ ನೋಡಿ ಅದು ಔಷಧದ್ದೋ ಸಾರಿನದ್ದೋ ಹೇಳುವವಳು. ಆ ಕಣ್ಣು ಎರಡನೇ ಕಾಜದ ಹತ್ತಿರ ನಿಂತಿತು. ಕಾಜದ ಸುತ್ತ ಬಟ್ಟೆ ಎಳೆದಾಡಿದ ಹಾಗೆ ನೆರಿಗೆಗಟ್ಟಿತ್ತು. ಅದಕ್ಕೆ ಎದುರಾದ ಚಿಪ್ಪಿನ ಗುಂಡಿಯ ಅಂಚಿನಲ್ಲಿ ಎರಡು ಸಣ್ಣ ಗೀರು. ಬೆರಳಿಂದ ಸವರಿದಳು. ಹಲ್ಲಿನ ಗುರುತು.

ಕಡುನೀಲಿ ಅಂಗಿ ತೆಗೆದಳು. ಅದರ ಮರದ ಗುಂಡಿಗೂ ಹಲ್ಲಿನ ಗುರುತು ಇತ್ತು. ಹಳದಿ ಅಂಗಿಯ ಮೊದಲ ಗುಂಡಿಗೆ ಒಂದು ದಾರದ ಕುಣಿಕೆ ಸಿಕ್ಕಿಸಿತ್ತು, ಕಾಜದೊಳಗಿಂದ ದಾರ ಹಿಡಿದು ಎಳೆದರೆ ಗುಂಡಿ ಹೊರಬರಲೆಂದು. ಕಳೆದ ವರ್ಷದ ಹಸಿರು ಅಂಗಿಯಲ್ಲಿ ಮೇಲಿನ ಎರಡು ಗುಂಡಿಗಳನ್ನು ಯಾರೋ ಬಿಚ್ಚಿ, ಸಡಿಲವಾಗಿ ಮತ್ತೆ ಹಚ್ಚಿದ್ದರು. ಆ ಹೊಲಿಗೆ ಸೊಟ್ಟಗಿತ್ತು. ಎಲ್ಲೆಲ್ಲೋ ಚುಚ್ಚಿ, ಎಲ್ಲೆಲ್ಲೋ ಹೊರಬಂದಿತ್ತು. ಒಂದು ಕಡೆ ಸೂಜಿ ಬೆರಳಿಗೇ ಚುಚ್ಚಿರಬೇಕು, ಸಾಸಿವೆಯಷ್ಟು ರಕ್ತದ ಕಲೆ ಒಣಗಿ ಕಂದಾಗಿತ್ತು. ಇಪ್ಪತ್ತೆಂಟು ವರ್ಷ ಗೆರೆ ಎಳೆದ ಹಾಗೆ ಗುಂಡಿ ಹಚ್ಚಿದ ಕೈಯ ಹೊಲಿಗೆ ಅದು.

ಸೊಸೆಗೆ ಒಂದೊಂದೇ ನೆನಪಾಗತೊಡಗಿತು. ಡಬ್ಬಿಯ ಮುಚ್ಚಳ ತೆಗೆಯಬೇಕಾದಾಗಲೆಲ್ಲ "ನನ್ನ ಕೈ ಒದ್ದೆ, ನೀನೇ ತೆಗಿ" ಎನ್ನುವುದು. ಬಾಗಿಲ ಬೀಗ ತೆಗೆಯಲು ಪಕ್ಕದ ಮನೆಯವಳನ್ನು ಕರೆದು, "ಕಣ್ಣು ಮಂಜು" ಎನ್ನುವುದು. ಚಳಿಗಾಲದಲ್ಲಿ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡೇ ಕೂರುವುದು. ದಿನಕ್ಕೆ ನೂರಾರು ಗೌನುಗಳನ್ನು ಮಡಚುತ್ತಿದ್ದಳು ಅವಳು. ಕೈ ಬಗ್ಗದವರಿಗೆ, ಭುಜ ಏಳದವರಿಗೆ, ಗುಂಡಿ ಹಾಕಿಕೊಳ್ಳಲಾಗದವರಿಗೆ ಎಂದೇ ಹೊಲಿದ ಗೌನುಗಳು. ಮನೆಯೊಳಗಿನ ಒಂದು ಜೊತೆ ಕೈ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅಷ್ಟೇ ಅಲ್ಲ, ವರ್ಷ ವರ್ಷ ಹುಡುಕಿ ಹುಡುಕಿ, ಇನ್ನಷ್ಟು ಸಣ್ಣ, ಇನ್ನಷ್ಟು ಬಿಗಿ ಗುಂಡಿಗಳನ್ನೇ ತಂದು ಆ ಕೈಗೆ ಕೊಟ್ಟಿದ್ದಳು.

ಅವಳು ಮುಖ ಮುಚ್ಚಿಕೊಂಡದ್ದನ್ನು ನೋಡಿ ಮಾಸ್ತರು ಹೊಲಿಗೆ ನಿಲ್ಲಿಸಿ ಎದ್ದು ಬಂದರು. ಅವಳು ವಿಷಯ ಹೇಳಿದಳು. ಅವರು ಹಸಿರು ಅಂಗಿಯನ್ನು ಕನ್ನಡಕದ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

"ಏನು ಕೆಲಸದಲ್ಲಿದ್ರು ಅಂದೆ?"

"ಕಾರ್ಖಾನೇಲಿ. ಗುಂಡಿ ಹಚ್ಚೋದು."

"ಹಂಗಾದ್ರೆ ಬಾಯಿ ಬಿಡಲ್ಲಮ್ಮ ಅವರು. ನನ್ನ ಕೈ ಹೋದ್ರೆ ನಾನೂ ಬಾಯಿ ಬಿಡಲ್ಲ." ಅವರು ಅಂಗಿಯನ್ನು ಮೆಲ್ಲಗೆ ಕೆಳಗಿಟ್ಟರು. "ಇದನ್ನ ಗೂಟಕ್ಕೆ ಹಾಕೋದು ಬೇಡ. ಮನೆಗೆ ವಾಪಸ್ ತಗೊಂಡು ಹೋಗು. ಒಂದು ಉಪಾಯ ಹೇಳ್ತೀನಿ ಬಾ."

ಮೂಳೆ ವಾರ್ಡಿನ ಗೌನುಗಳಿಗೆ ಹಾಕುವ ಅಂಟುಪಟ್ಟಿಯ ಸುರುಳಿ ಅವರ ಹತ್ತಿರ ಇತ್ತು. ಮಕ್ಕಳ ಶೂಗಳಲ್ಲಿ ಇರುತ್ತದಲ್ಲ, ಎಳೆದರೆ ಚರ್ರೆಂದು ಬಿಟ್ಟುಕೊಳ್ಳುವಂಥದು. ಅವರು ಹಳದಿ ಅಂಗಿಯ ಗುಂಡಿಗಳನ್ನು ಬಿಚ್ಚಿದರು. ಕಾಜಗಳ ಬಾಯಿ ಹೊಲಿದು ಮುಚ್ಚಿ, ಅದರ ಮೇಲೆಯೇ ಗುಂಡಿಗಳನ್ನು ಹೊರಗೆ ಕಾಣುವ ಹಾಗೆ ಹಚ್ಚಿದರು. ಒಳಗಡೆ ಪಟ್ಟಿಯ ತುಂಡುಗಳನ್ನು ಹೊಲಿದರು. ನೋಡುವವರಿಗೆ ಅದು ಗುಂಡಿಯ ಅಂಗಿಯೇ. ಆದರೆ ಅಂಗೈಯಿಂದ ಒತ್ತಿದರೆ ಮುಚ್ಚಿಕೊಳ್ಳುತ್ತಿತ್ತು, ಎಳೆದರೆ ತೆರೆದುಕೊಳ್ಳುತ್ತಿತ್ತು.

ಸಂಜೆ ಬಸ್ಸಿನಲ್ಲಿ ಸೊಸೆ ದಾರಿಯುದ್ದಕ್ಕೂ ಹೇಗೆ ಮಾತು ತೆಗೆಯಬೇಕು ಎಂದೇ ಯೋಚಿಸಿದಳು. ಗಂಡ ಇನ್ನೂ ಬಂದಿರಲಿಲ್ಲ. ಅತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದರು. ಅವಳು ಹಳದಿ ಅಂಗಿಯನ್ನು ಅವರ ಮಡಿಲ ಮೇಲಿಟ್ಟಳು.

"ಆಸ್ಪತ್ರೇಲಿ ಹೊಸ ಥರ ಅಂಗಿ ಹೊಲೀತಿದಾರೆ ಅತ್ತೆ. ಕೆಲಸ ಸರಿಯಾಗಿದೆಯಾ ಅಂತ ತಿಳಿದೋರು ಯಾರಾದ್ರೂ ನೋಡಬೇಕಂತೆ. ನೀವು ಸ್ವಲ್ಪ..."

ಅತ್ತೆ ಅಂಗಿಯನ್ನು ನೋಡಿದರು. ಅವಳನ್ನು ನೋಡಿದರು.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಅಂತಾರೆ. ನನ್ನ ಅಂಗಿ ನನಗೆ ಗೊತ್ತಾಗಲ್ಲ ಅಂದ್ಕೊಂಡೆಯಾ?"

ಸೊಸೆ ನೆಲದ ಮೇಲೆ ಅವರ ಕಾಲ ಬಳಿ ಕೂತಳು. "ಸುಳ್ಳು ಹೇಳೋಕೆ ಬರಲ್ಲ ನನಗೆ. ಹಲ್ಲಿನ ಗುರುತು ನೋಡ್ದೆ ಅತ್ತೆ. ಹಸಿರು ಅಂಗಿ ಹೊಲಿಗೆನೂ ನೋಡ್ದೆ."

ಅತ್ತೆಯ ಮುಖ ಬಿಗಿಯಾಯಿತು. ಎದ್ದು ಹೋಗುತ್ತಾರೇನೋ ಎಂದುಕೊಂಡಳು ಸೊಸೆ. ಅವರು ಏಳಲಿಲ್ಲ. ಎರಡೂ ಕೈಗಳನ್ನು ಕಂಕುಳಿಂದ ತೆಗೆದು ಹಳದಿ ಬಟ್ಟೆಯ ಮೇಲೆ ಚಾಚಿದರು. ಬೆರಳ ಗೆಣ್ಣುಗಳು ಊದಿ, ತುದಿಗಳು ಒಂದೇ ಕಡೆಗೆ ವಾಲಿದ್ದವು.

"ಕೆಲಸ ನಾನಾಗಿ ಬಿಡಲಿಲ್ಲ," ಎಂದರು. "ಕೈಯಿಂದ ಗುಂಡಿ ಜಾರೋಕೆ ಶುರುವಾಯ್ತು. ಮೇಲ್ವಿಚಾರಕಿ ಒಳ್ಳೆಯವಳೇ. ದಾರದ ತುದಿ ಕತ್ತರಿಸೋ ಕಡೆ ಹಾಕಿದ್ಲು, ಹೊಸ ಹುಡುಗೀರು ಕೂರೋ ಜಾಗ. ನನ್ನ ಕೈಲಿ ಕಲಿತೋರೇ ನನ್ನ ಎದುರಿಗೆ ಗುಂಡಿ ಹಚ್ತಿದ್ರು. ಮೂರು ತಿಂಗಳು ಕೂತೆ. ಆಮೇಲೆ ಸಾಕು ಅಂತ ಬಂದ್ಬಿಟ್ಟೆ."

"ನಮಗೆ ಒಂದು ಮಾತು ಹೇಳಬಾರದಿತ್ತಾ?"

"ನೀನು ಹೊಸಬಳು. ಚಿಪ್ಪಿನ ಗುಂಡಿ ಅಂಗಿ ತಂದು ಕೊಟ್ಟೆ. ಎಷ್ಟು ಖುಷಿಯಾಗಿ ತಂದಿದ್ದೆ. ಇದನ್ನ ಹಾಕ್ಕೊಳ್ಳೋಕೆ ಬರಲ್ಲ ಅಂತ ಹೆಂಗೆ ಹೇಳ್ಲಿ? ಗುಂಡಿಯಕ್ಕನಿಗೆ ಗುಂಡಿ ಹಾಕ್ಕೊಳ್ಳೋಕೆ ಬರಲ್ಲ ಅಂತ." ಅವರು ಮೂಗೊರೆಸಿಕೊಂಡರು. "ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ತೆಗೀತಿದ್ದೆ. ಒಂದೊಂದ್ಸಲ ಎರಡು ಗುಂಡಿ ಹಾಕ್ತಿದ್ದೆ. ಅಷ್ಟು ಹೊತ್ತಿಗೆ ಮಧ್ಯಾಹ್ನ ಆಗೋದು. ಮತ್ತೆ ಬಿಚ್ಚಬೇಕಲ್ಲ, ಅದಕ್ಕೇ ಹಲ್ಲು."

ಸೊಸೆ ಆ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಆರು ವರ್ಷದಲ್ಲಿ ಅತ್ತೆಯ ಕೈ ಹಿಡಿದದ್ದು ಅದೇ ಮೊದಲು.

"ನೆನ್ನೆ ಮನಸ್ಸಾಗಲಿಲ್ಲ ಅಂದ್ರಿ. ಹಿಡಿಸಲಿಲ್ಲ ಅಂತ ತಿಳ್ಕೊಂಡೆ ನಾನು."

"ಹಿಡಿಸದೆ ಏನು. ಆರೂ ಹಿಡಿಸಿದವು. ನಿನ್ನ ಆಯ್ಕೆ ಚೆನ್ನಾಗಿದೆ, ನಿನ್ನ ಗಂಡನ ವಿಷಯ ಒಂದು ಬಿಟ್ಟು."

ಇಬ್ಬರೂ ನಕ್ಕರು. ನಗುತ್ತಲೇ ಅತ್ತೆ ಅಂಗಿಯನ್ನು ತಿರುವಿ ಒಳಭಾಗ ನೋಡಿದರು. ಹುಬ್ಬು ಗಂಟಿಕ್ಕಿತು.

"ಯಾರು ಹೊಲಿದಿದ್ದು ಇದು?"

"ನಮ್ಮ ಮಾಸ್ತರು."

"ಮುಳ್ಳುಮುಳ್ಳಾಗಿರೋ ಕಡೇನ ಮೈಗೆ ತಾಗೋ ಹಾಗೆ ಹಾಕಿದಾರೆ. ಎದೆ ಎಲ್ಲ ಕೆರೆಯುತ್ತೆ. ಮೆತ್ತಗಿರೋದು ಒಳಗೆ ಬರಬೇಕು, ಮುಳ್ಳಿಂದು ಹೊರಗಿನ ಕಡೆ ಮುಖ ಮಾಡಬೇಕು. ಬಿಚ್ಚು. ಸೂಜಿ ತಗೋ. ನಾನು ಹೇಳಿದ ಹಾಗೆ ಹಾಕು."

ಆ ವಾರ ಪ್ರತಿ ಸಂಜೆ ಅದೇ ಕೆಲಸ. ಕಣ್ಣು ಅತ್ತೆಯದು, ಬೆರಳು ಸೊಸೆಯದು. ಒಂದು ಹೊಲಿಗೆ ಸೊಟ್ಟಗಾದರೂ ಅತ್ತೆ ಬಿಡುತ್ತಿರಲಿಲ್ಲ. "ಹೊಲೀತಿದೀಯೋ ಉಳ್ತಿದೀಯೋ?" ಎಂದು ಬಿಚ್ಚಿಸುತ್ತಿದ್ದರು. ಗಂಡ ನೋಡಿ, ಬೀರು ಖಾಲಿ ಮಾಡುವವರು ಮನೆಯನ್ನೇ ಕಾರ್ಖಾನೆ ಮಾಡಿದರಲ್ಲ ಎಂದುಕೊಂಡ. ಅಂಗಿ ಹಳೆಯದಾಯಿತು, ಸರಿ ಮಾಡ್ತಿದೀವಿ ಎಂದಷ್ಟೇ ಅವನಿಗೆ ಹೇಳಿದ್ದರು. "ಅವನಿಗೆ ಹೇಳಬೇಡ," ಎಂದಿದ್ದರು ಅತ್ತೆ. ಸೊಸೆ ಒಪ್ಪಿದ್ದಳು, ಆದರೆ ಒಂದು ಮಾತಿನ ಮೇಲೆ: ಆಸ್ಪತ್ರೆಗೆ ಬಂದು ಕೈ ತೋರಿಸಬೇಕು. ಅತ್ತೆ ಎರಡು ದಿನ ಗೊಣಗಿ ಹೂಂ ಅಂದರು. ಆ ಮೂರು ಹಳೆಯ ನಿಲುವಂಗಿಗಳಲ್ಲಿ ಎರಡನ್ನು ಅವರೇ ತೆಗೆದು ಮಸಿಬಟ್ಟೆಯ ಗುಡ್ಡೆಗೆ ಎಸೆದರು.

ಶುಕ್ರವಾರ ಬೆಳಿಗ್ಗೆ ಅತ್ತೆ ಹಸಿರು ಅಂಗಿ ಹಾಕಿಕೊಂಡರು. ತಾವೇ ಹಾಕಿಕೊಂಡರು, ಬಾಗಿಲು ಮುಂದೆ ಮಾಡಿಕೊಂಡು. ಹೊರಗೆ ನಿಂತ ಸೊಸೆಗೆ ಅಂಗೈ ಒತ್ತುವ ಮೆಲ್ಲನೆಯ ಸದ್ದು ಕೇಳಿತು, ಒಂಬತ್ತು ಸಲ. ಹೊರಗೆ ಬಂದಾಗ ಅವರ ಮುಖ ಬೇರೆಯೇ ಆಗಿತ್ತು. ಅಮ್ಮ ಆಸ್ಪತ್ರೆಗೆ ಹೋಗುತ್ತಿದ್ದಾಳೆಂದು ಕೇಳಿ ಮಗನೂ ಅರ್ಧ ದಿನ ರಜೆ ಹಾಕಿ ಜೊತೆಗೆ ಹೊರಟ. ಸುಮ್ಮನೆ ಕೈ ನೋವು ಇರಬೇಕು ಎಂದು ಅವನು ತಿಳಿದಿದ್ದ.

ಡಾಕ್ಟರು ಕನ್ನಡಕದ ಹೆಂಗಸು. ಬೆರಳುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದರು. ಮುಷ್ಟಿ ಕಟ್ಟಲು ಹೇಳಿದರು. ಪೆನ್ನು ಕೊಟ್ಟು ಹಿಡಿಯಲು ಹೇಳಿದರು. ಆಮೇಲೆ ಬರೆದುಕೊಳ್ಳುತ್ತಾ ಕೇಳಿದರು.

"ಅಂಗಿ ಗುಂಡಿ ಹಾಕ್ಕೋತೀರಾ ನೀವೇ?"

ಮಗ ಪಕ್ಕದಲ್ಲೇ ನಿಂತಿದ್ದ. ಅಮ್ಮನ ಎದೆಯ ಮೇಲೆ ಒಂಬತ್ತು ಗುಂಡಿ ಸಾಲಾಗಿ ಕಾಣುತ್ತಿದ್ದವು. ಸೊಸೆ ನೆಲ ನೋಡಿದಳು. ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಅತ್ತೆ ಅವಳ ಕಡೆ ಒಮ್ಮೆ ನೋಡಿ, ಡಾಕ್ಟರ ಕಡೆ ತಿರುಗಿದರು.

"ಇಲ್ಲ," ಎಂದರು. "ಆರು ವರ್ಷ ಆಯ್ತು. ಆಗಲ್ಲ."

ಹೇಳಿದ ಮೇಲೆ ಅವರ ಭುಜ ಸ್ವಲ್ಪ ಕೆಳಗಿಳಿಯಿತು, ಯಾವುದೋ ಭಾರ ಇಳಿಸಿದವರ ಹಾಗೆ. ಡಾಕ್ಟರು ಗಾಬರಿಯನ್ನೇನೂ ತೋರಿಸದೆ ಅದನ್ನೂ ಬರೆದುಕೊಂಡರು. ವಾಲಿದ ಬೆರಳು ಮೊದಲಿನಂತೆ ಆಗುವುದಿಲ್ಲ, ಆದರೆ ನೋವು ಇಳಿಸಬಹುದು, ಇನ್ನೂ ಕೆಡದಂತೆ ತಡೆಯಬಹುದು, ಇಷ್ಟು ದಿನ ಸುಮ್ಮನಿರಬಾರದಿತ್ತು ಎಂದರು. ಮಾತ್ರೆ ಬರೆದರು. ವಾರಕ್ಕೆರಡು ಸಲ ಬಂದು ಬಿಸಿ ಮೇಣದಲ್ಲಿ ಕೈ ಅದ್ದಿ ಶಾಖ ತೆಗೆದುಕೊಳ್ಳಲು ಹೇಳಿದರು.

ಹೊರಗಿನ ಮೊಗಸಾಲೆಯಲ್ಲಿ ಮಗ ಬೆಂಚಿನ ಮೇಲೆ ಕೂತುಬಿಟ್ಟ. ಅಮ್ಮನ ಕೈಗಳನ್ನೇ ನೋಡುತ್ತಿದ್ದ.

"ಆರು ವರ್ಷ ಅಂದ್ರೆ ನನ್ನ ಮದುವೆ ವರ್ಷ. ನನಗ್ಯಾಕಮ್ಮ ಹೇಳಲಿಲ್ಲ?"

"ನಿನಗೆ ಹೇಳಿದ್ರೆ ನೀನು ಅಳ್ತಿದ್ದೆ."

"ನಾನ್ಯಾಕೆ ಅಳ್ಲಿ," ಎಂದ ಅವನು, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾ.

ಅತ್ತೆ ಅವನ ತಲೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ನಿನಗೆ ಹೊತ್ತಾಯ್ತು, ನೀನು ಕೆಲಸಕ್ಕೆ ಇಳಿ. ಇವನನ್ನ ನಾನು ಮನೆಗೆ ಕರ್ಕೊಂಡು ಹೋಗ್ತೀನಿ."

ಇಬ್ಬರೂ ಮೊಗಸಾಲೆಯ ತುದಿಯವರೆಗೆ ನಡೆದು ಹೋಗುವುದನ್ನು ಸೊಸೆ ನೋಡುತ್ತಾ ನಿಂತಳು. ಮಗ ಅಮ್ಮನ ಚೀಲ ಹಿಡಿದಿದ್ದ. ಅಮ್ಮ ಅವನಿಗೆ ಏನೋ ಹೇಳುತ್ತಿದ್ದರು, ಅವನು ತಲೆಯಾಡಿಸುತ್ತಿದ್ದ. ಗಾಜಿನ ಬಾಗಿಲು ಅವನೇ ತೆರೆದು ಹಿಡಿದ. ಹಸಿರು ಅಂಗಿ ಹೊರಗಿನ ಬಿಸಿಲಿಗೆ ಇಳಿದ ಮೇಲೆ ಅವಳು ನೆಲಮಾಳಿಗೆಯ ಮೆಟ್ಟಿಲಿಳಿದು ತನ್ನ ಮೇಜಿಗೆ ಹೋದಳು. ಬೆಳಗಿನ ಹೊದಿಕೆಗಳು ಬಿಸಿಯಾಗಿ ಬಂದು ಕಾಯುತ್ತಿದ್ದವು.